ಸಿಬಿತೆಂಡಾದಲ್ಲಿ ಇಳಿದ ಮದುಮಗಳು

ಸಿಬಿತೆಂಡಾ
20 ಜನವರಿ 1968

ಅಪ್ಪನಿಗೆ ನಿಮ್ಮ ಮಗಳು ತಿದಾ ಮಾಡುವ ಸಲಾಮುಗಳು.

ನಾನೂ ದುಸು ಅತ್ತೆಯೂ ಸುಖವಾಗಿ ತಲುಪಿದೆವು. ನೀವು ಹೇಳಿದ್ದಕ್ಕಿಂತ ಒಂದು ರಾತ್ರಿ ಹೆಚ್ಚೇ ಹಡಗಿನಲ್ಲಿ ಕಳೆಯಬೇಕಾಯಿತು. ಬಾಥರ್ಸ್ಟ್ ಬಿಟ್ಟ ಮೇಲೆ ಬಹಳ ಹೊತ್ತು ನದಿ ಸಮುದ್ರದ ಹಾಗೇ ಇತ್ತು, ಆಚೆಯ ದಡವೇ ಕಾಣುತ್ತಿರಲಿಲ್ಲ. ಕೌರ್ ದಾಟಿದ ಮೇಲೆ ದಡಗಳು ಹತ್ತಿರ ಬಂದವು, ನೀರಿನ ಉಪ್ಪು ಹೋಯಿತು. ನಿಮ್ಮ ಅಕ್ಕ ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಸಿ ಮಲಗಿದವರು ನಮಾಜಿಗೆ ಬಿಟ್ಟರೆ ಏಳಲೇ ಇಲ್ಲ. ನಾನು ಬಿಳಿ ಮುಸುಕಿನೊಳಗೆ ಬೆವರುತ್ತಾ ಕೂತಿದ್ದೆ, ಕೂತಲ್ಲೇ ನಿದ್ದೆ ಹೋಗಿ ಏಳುತ್ತಿದ್ದೆ. ಕುಂತೌರ್ ಕೂಡ ಕಳೆದು ಮಾರನೆಯ ದಿನ ಖಲಾಸಿಯೊಬ್ಬ ‘ಸಿಬಿತೆಂಡಾ’ ಎಂದು ಕೂಗಿದಾಗ ಇಬ್ಬರೂ ಗಡಬಡಿಸಿ ಇಳಿದೆವು.

ಹಡಗುಕಟ್ಟೆಯ ಮೇಲೆ ಹೆಂಗಸರು ಡೋಲು ಹಿಡಿದೇ ನಿಂತಿದ್ದರು. ಅತ್ತೆ ‘ಮಲಾಂಗ್ ಫಾತಿ ಮನೆಗೆ ಬಂದ ಹೆಣ್ಣು’ ಅಂದದ್ದೇ ತಡ, ನನ್ನ ಪೆಟ್ಟಿಗೆ, ಬೇಸಿನ್ನುಗಳು ಒಂದೊಂದೂ ಒಂದೊಂದು ತಲೆಯ ಮೇಲೇರಿ ಊರೊಳಗೆ ಹೊರಟೇ ಹೋದವು. ಇವರ ತಾಯಿ ನನ್ನ ಕಾಲು ತಾವೇ ತೊಳೆದರು. ನನಗೆ ಅಳು ಬಂತು.

ಒಂದು ಮಾತು, ದೂರು ಅಂದುಕೊಳ್ಳಬೇಡಿ. ಕಡಲೆಕಾಯಿ ವ್ಯಾಪಾರಿ, ಕಟ್ಟೆಯ ಎದುರಿಗೇ ಅಂಗಡಿ, ತಗಡಿನ ಛಾವಣಿಯ ಮನೆ ಎಂದು ನೀವು ಹೇಳಿದ್ದಿರಿ. ಇಲ್ಲಿ ಅಂಗಡಿ ಇಲ್ಲ, ಮನೆಗೆ ಹುಲ್ಲು ಹೊದಿಸಿದೆ. ಇವರು ದೋಣಿ ಕಟ್ಟುತ್ತಾರೆ. ನಿಮಗೆ ಯಾರೋ ತಪ್ಪು ಹೇಳಿರಬೇಕು. ಇವರದು ಮಾತು ಕಡಿಮೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇದನ್ನು ಅಮ್ಮನಿಗೆ ಮೆಲ್ಲಗೆ ಓದಿ, ಅಂಗಳದಲ್ಲಿ ಗಟ್ಟಿಯಾಗಿ ಓದಬೇಡಿ.

ದುಸು ಅತ್ತೆ ಕೆಳಕ್ಕೆ ಹೋಗುವ ಹಡಗಿನಲ್ಲಿ ಬರುತ್ತಾರೆ. ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿಮ್ಮ ಮಗಳು,
ತಿದಾ


ಸಿಬಿತೆಂಡಾ
5 ಫೆಬ್ರವರಿ 1968

ಬಾಥರ್ಸ್ಟಿನ ದರ್ಜಿ ಕೆಮೋ ಸಾಮತೆ ಅವರಿಗೆ ಮಲಾಂಗ್ ಫಾತಿಯ ಸಲಾಮು.

ನಿಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಕಸಾಲೆ ಇಲ್ಲವೆಂದು ನಂಬಿದ್ದೇನೆ. ಹಬ್ಬ ಮುಗಿದ ಮೇಲಿನ ಮೊದಲ ಹಡಗಿಗೆ ಹೆಣ್ಣನ್ನು ಕಳಿಸುತ್ತೇವೆಂದು ನಿಮ್ಮ ಮಸೀದಿಯಲ್ಲಿ, ಇಮಾಮರ ಮುಂದೆ, ನಿಕಾಹ್ ಆದ ದಿನವೇ ಮಾತಾಗಿತ್ತು. ಆ ಹಡಗಿಗೆ ಡೋಲಿನವರನ್ನು ಕರೆದುಕೊಂಡು ಕಟ್ಟೆಗೆ ಹೋದೆ. ಅಕ್ಕಿ ಇಳಿಯಿತು, ಸಕ್ಕರೆ ಇಳಿಯಿತು, ಹೆಣ್ಣು ಇಳಿಯಲಿಲ್ಲ. ಮುಂದಿನ ಹಡಗಿಗೂ ಹೋದೆ. ಈ ಸಲ ಡೋಲಿನವರನ್ನು ಕರೆಯಲಿಲ್ಲ. ಮದುವೆಯೂಟಕ್ಕೆ ತಂದ ಹೋರಿಯನ್ನು ಇನ್ನೂ ಕಟ್ಟಿಯೇ ಇದ್ದೇನೆ.

ಕಟ್ಟೆಯ ಹಮಾಲಿಗಳು ನನ್ನನ್ನು ನೋಡಿದರೆ ಮಾತು ನಿಲ್ಲಿಸುತ್ತಾರೆ. ತಡವಾಗಿದ್ದರೆ ತಡ ಎಂದು ತಿಳಿಸಿ. ಮನಸ್ಸು ಬದಲಾಗಿದ್ದರೆ ಅದನ್ನೂ ತಿಳಿಸಿ. ನನ್ನ ಹೆಂಡತಿ ಎಲ್ಲಿದ್ದಾಳೆ ಎಂದು ಕೇಳುವ ಹಕ್ಕು ನನಗಿದೆ.

ಮಲಾಂಗ್ ಫಾತಿ,
ಕಡಲೆಕಾಯಿ ವ್ಯಾಪಾರಿ


ಬಾಥರ್ಸ್ಟ್
12 ಫೆಬ್ರವರಿ 1968

ತಿದಾ,

ನೀನು ಯಾರ ಮನೆಯಲ್ಲಿದ್ದೀಯ?

ನಿನ್ನ ಕಾಗದ ಓದಿ ನಾವು ಸಂತೋಷದಲ್ಲಿದ್ದೆವು. ಅಂಗಡಿ ಇಲ್ಲ ಎಂದದ್ದನ್ನು, ಅವನು ಬಡಾಯಿ ಕೊಚ್ಚಿದ್ದ ಅಂದುಕೊಂಡು ನುಂಗಿಕೊಂಡಿದ್ದೆ. ಅಮ್ಮ ಅಕ್ಕಪಕ್ಕದವರಿಗೆ ಕೋಲಾ ಕಾಯಿ ಹಂಚಿದ್ದಳು. ನಿನ್ನೆ ಮಲಾಂಗ್ ಫಾತಿಯ ಕಾಗದ ಬಂತು. ನನ್ನ ಹೆಂಡತಿ ಎಲ್ಲಿ ಎಂದು ಕೇಳಿದ್ದಾನೆ. ಎರಡು ಸಲ ಓದಿದೆ. ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹೊಲಿಗೆ ಬಿಟ್ಟು ಹಾಗೇ ಎದ್ದು ಹಡಗುಕಟ್ಟೆಗೆ ಓಡಿದೆ, ಕತ್ತಿನಲ್ಲಿ ಟೇಪು ನೇತಾಡುತ್ತಿದ್ದದ್ದೂ ಗೊತ್ತಾಗಲಿಲ್ಲ. ಅಲ್ಲೊಬ್ಬ ಹಳೆಯ ಖಲಾಸಿ, ‘ಸಿಬಿತೆಂಡಾನಾ ಯಜಮಾನ್ರೇ? ಯಾವ್ದು, ಕೆಳಗಿಂದೋ ಮೇಲಿಂದೋ?’ ಎಂದು ಕೇಳಿದ. ನಾನು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕೂತುಬಿಟ್ಟೆ.

ಕೆಳಗಿನದು ಕುಂತೌರಿಗಿಂತ ಮೊದಲು, ನೀವು ನಿದ್ದೆಯಲ್ಲಿ ದಾಟಿದ್ದು. ಮೇಲಿನದು ಜಾರ್ಜ್‌ಟೌನ್ ಆದ ಮೇಲೆ, ಬಾಸ್ಸೆಯ ದಾರಿಯಲ್ಲಿ. ಬಹಳ ಹಿಂದೆ ಫಾತಿ ಮನೆತನದ ಅಣ್ಣ ತಮ್ಮ ಜಗಳ ಮಾಡಿಕೊಂಡು, ತಮ್ಮ ನದಿಯ ಮೇಲಕ್ಕೆ ಹೋಗಿ, ಹಟಕ್ಕೆ ಅದೇ ಹೆಸರಿಟ್ಟು ಇನ್ನೊಂದು ಊರು ಕಟ್ಟಿದನಂತೆ. ಎರಡೂ ಊರಿನಲ್ಲಿ ಮೊಮ್ಮಕ್ಕಳಿಗೆ ಮುತ್ತಜ್ಜ ಮಲಾಂಗನ ಹೆಸರೇ. ಬರ್ಮಾದ ಯುದ್ಧದಲ್ಲಿ ಕಾಡಿನೊಳಗೆ ಕೂಡ ನಾನು ಹೀಗೆ ದಿಕ್ಕು ತಪ್ಪಿರಲಿಲ್ಲ.

ದುಸು ಅಕ್ಕನ ಮೇಲೆ ಕೂಗಾಡಿದೆ. ಅವಳಿಗೆ ಕಿವಿ ಮಂದ, ನಿನಗೆ ಗೊತ್ತಲ್ಲ. ಅರ್ಥವಾದ ಮೇಲೆ, ‘ಮಲಾಂಗ್ ಫಾತಿ ಮನೇನಾ ಅಂತ ಕೇಳ್ದೆ, ಹೌದು ಅಂದ್ರು. ಇನ್ನೇನ್ ಮಾಡ್ಬೇಕಿತ್ತು, ಅವನ ಬಾಯಿ ತೆಗೆಸಿ ಹಲ್ಲು ಎಣಿಸ್ಬೇಕಿತ್ತಾ?’ ಅಂದಳು. ಆಮೇಲೆ ತಾನೇ ಅಳುತ್ತಾ ಕೂತಳು. ನಿನ್ನ ಅಮ್ಮ ಊಟಕ್ಕೆ ಕೂತಿದ್ದವಳು ಬಟ್ಟಲಿನಲ್ಲಿ ಕೈ ಬಿಟ್ಟವಳು ಬಿಟ್ಟಂತೆಯೇ ಇದ್ದಳು. ಆಗಿನಿಂದ ನನ್ನ ಜೊತೆ ಮಾತಾಡಿಲ್ಲ.

ನಿಕಾಹ್ ಆಗಿರುವುದು ಕೆಳಗಿನ ಮಲಾಂಗನ ಜೊತೆ. ನೀನು ಇರುವುದು ಪರಪುರುಷನ ಮನೆಯಲ್ಲಿ. ಈ ಕಾಗದ ಕೈಗೆ ಬಂದ ತಕ್ಷಣ ಆ ಮನೆ ಬಿಡು. ಆ ಊರಿನ ಇಮಾಮರ ಮನೆಗೆ ಹೋಗು.

ನಿನ್ನ ಅಪ್ಪ


ಸಿಬಿತೆಂಡಾ (ಮೇಲಿನದು)
6 ಮಾರ್ಚ್ 1968

ಅಪ್ಪನಿಗೆ,

ನಿಮ್ಮ ಕಾಗದವನ್ನು ನದಿಯ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಓದಿ ಮುಗಿಸಿದಾಗ ಇವರ ಅಂಗಿ ನೀರಿನಲ್ಲಿ ತೇಲಿಕೊಂಡು ಹೋಗುತ್ತಿತ್ತು.

ದೋಣಿ ಕಟ್ಟುವಲ್ಲಿಗೆ ಹೋದೆ. ಇವರು ಹಲಗೆಗಳ ಸಂದಿಗೆ ನಾರು ತುರುಕುತ್ತಿದ್ದರು. ‘ನಿಮಗೆ ಬರಬೇಕಾಗಿದ್ದ ಹೆಣ್ಣಿನ ಹೆಸರೇನು?’ ಎಂದು ಕೇಳಿದೆ. ಸುತ್ತಿಗೆ ಕೆಳಗಿಟ್ಟರು. ‘ಹವಾ’ ಅಂದರು.

‘ಮತ್ತೆ ನನ್ನ ಹೆಸರು ತಿದಾ ಅಂದಾಗ ಯಾಕೆ ಸುಮ್ಮನಿದ್ರಿ?’

‘ದೊಡ್ಡವಳ ಬದಲು ಚಿಕ್ಕವಳ ಹೆಸರಲ್ಲಿ ಅಲ್ಲೇ ನಿಕಾಹ್ ಓದಿಸಿ ಕಳಿಸಿದಾರೆ ಅಂದ್ಕೊಂಡೆ. ಹಾಗೆ ಮಾಡ್ತಾರಲ್ಲ. ಕೇಳಿದ್ರೆ ನಿನಗೆ ಅವಮಾನ ಆಗತ್ತೆ ಅಂತ ಕೇಳ್ಲಿಲ್ಲ. ನೀನ್ಯಾಕೆ ಅಂಗಡಿ ಎಲ್ಲಿ ಅಂತ ಕೇಳ್ಲಿಲ್ಲ?’

‘ನಿಮಗೆ ಅವಮಾನ ಆಗತ್ತೆ ಅಂತ.’

ನಿಮ್ಮ ಕಾಗದವನ್ನು ಓದಿ ಹೇಳಿದೆ. ನನ್ನನ್ನು ಮುಟ್ಟಬಾರದೆಂದು ಹೊಳೆದವರಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅಪ್ಪ, ನನಗೆ ಎಲ್ಲಕ್ಕಿಂತ ಆಘಾತವಾದದ್ದು ಆ ಎರಡು ಹೆಜ್ಜೆ.

ಅವರ ತಾಯಿ ಮೊದಲು ನಂಬಲಿಲ್ಲ. ಹವಾಳ ಮನೆಗೆ ಆಳು ಕಳಿಸಿ ವಿಚಾರಿಸಿದರು. ಅವಳು ಹಬ್ಬಕ್ಕೆ ಮೊದಲೇ ಒಬ್ಬ ಲಾರಿ ಡ್ರೈವರನನ್ನು ಕಟ್ಟಿಕೊಂಡು ಗಡಿಯಾಚೆ ಕಾವೊಲಾಕಿಗೆ ಹೋಗಿದ್ದಾಳಂತೆ. ನಿಕಾಹ್ ಓದಿಸಿರಲೇ ಇಲ್ಲ, ಹೇಳಲು ನಾಚಿ ಅವರ ಮನೆಯವರು ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ಕೇಳಿದ ಮುದುಕಿ ನೆಲದ ಮೇಲೆ ಕೂತು ನನ್ನನ್ನು ನೋಡಿ, ‘ಹಾಗಾದ್ರೆ ನೀನು ಯಾರ ಸೊಸೆಯಮ್ಮಾ?’ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಇಮಾಮರ ಮನೆಯಲ್ಲಿ, ಅವರ ಹೆಂಡತಿಯ ಕೋಣೆಯಲ್ಲಿ ಮಲಗುತ್ತೇನೆ. ತಿಳಿಯದೆ ಆದದ್ದಕ್ಕೆ ಪಾಪವಿಲ್ಲ, ಆದರೆ ತಿಳಿದ ಮೇಲೆ ಒಂದು ದಿನವೂ ಜೊತೆಯಲ್ಲಿ ಇರುವಂತಿಲ್ಲ ಎಂದು ಇಮಾಮರು ಹೇಳಿದರು. ಕೆಳಗಿನ ಊರಿಗೂ ಹೇಳಿಕಳಿಸಿದ್ದಾರೆ.

ಇನ್ನೊಂದು ವಿಷಯ. ಕಡಲೆಕಾಯಿ ತುಂಬಲು ಕೆಳಗಿನ ಸಿಬಿತೆಂಡಾದ ದೋಣಿಯವನೊಬ್ಬ ಬಂದಿದ್ದ. ಇಮಾಮರ ಹೆಂಡತಿ ಅವನನ್ನು ವಿಚಾರಿಸಿದರು. ವ್ಯಾಪಾರಿ ಮಲಾಂಗ್ ಫಾತಿ ಒಳ್ಳೆಯ ಮನುಷ್ಯ ಅಂದ. ಗಡ್ಡ ಪೂರ್ತಿ ನರೆತಿದೆ ಅಂದ. ಮನೆಯಲ್ಲಿ ಇಬ್ಬರು ಹೆಂಡತಿಯರಿದ್ದಾರೆ, ದೊಡ್ಡ ಮಗಳಿಗೆ ಎರಡು ಮಕ್ಕಳು ಅಂದ. ನೀವು ನನಗೆ ಅಂಗಡಿಯ ವಿಷಯ ಹೇಳಿದಿರಿ, ತಗಡಿನ ಛಾವಣಿಯ ವಿಷಯ ಹೇಳಿದಿರಿ. ಇದು ನಿಮಗೆ ಗೊತ್ತಿತ್ತೇ ಅಪ್ಪ?

ಅಮ್ಮನಿಗೆ ಹೇಳಿ, ಬೆಳಗಾದರೆ ಹೊಗೆಮೀನಿನ ವಾಸನೆ ತಡೆಯಲಾಗುತ್ತಿಲ್ಲ. ಅವಳಿಗೆ ಅರ್ಥವಾಗುತ್ತದೆ.

ತಿದಾ


ಬಾಥರ್ಸ್ಟ್
2 ಏಪ್ರಿಲ್ 1968

ತಿದಾ,

ನಿನ್ನ ಅಮ್ಮ ಮನೆಯಲ್ಲಿಲ್ಲ. ನಿನ್ನ ಕಾಗದವನ್ನು ನಾನು ಓದಿ ಹೇಳಿದೆ, ಕೊನೆಯ ಸಾಲಿನವರೆಗೂ. ಮಾರನೆಯ ದಿನ ಸಂಜೆ ಗಿರಾಕಿಯ ಮನೆಯಿಂದ ಬಂದಾಗ ಅವಳ ಚಾಪೆ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಜಂಕೆ ನನ್ನನ್ನು ಕೇಳದೆ ಮಾರ್ಕೆಟ್ಟು ದಾಟಿ ಹೋದವಳಲ್ಲ. ಹಡಗು ಹತ್ತಿದ್ದನ್ನು ನೋಡಿದವರಿದ್ದಾರೆ. ಅವಳಿಗೆ ಓದಲು ಬರುವುದಿಲ್ಲ, ಯಾವ ಕಟ್ಟೆ ಎಂದು ತಿಳಿಯುವುದಿಲ್ಲ. ಅವಳೂ ಎಲ್ಲಿ ಇಳಿಯುತ್ತಾಳೋ.

ಮಲಾಂಗ್ ಫಾತಿ ಊರಿನ ಹಿರಿಯರನ್ನು ಕಟ್ಟಿಕೊಂಡು ನಿನ್ನನ್ನು ಕರೆದೊಯ್ಯಲು ಹೊರಟಿದ್ದಾನೆಂದು ಸುದ್ದಿ ಬಂದಿದೆ. ಅದೇ ಹಡಗಿನಲ್ಲಿ ಇರಬೇಕು.

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ.

ಅಪ್ಪ


ಸಿಬಿತೆಂಡಾ (ಮೇಲಿನದು)
20 ಏಪ್ರಿಲ್ 1968

ತಿದಾಳ ಅಪ್ಪನಿಗೆ ಜಂಕೆ ಹೇಳಿ ಬರೆಸಿದ್ದು. ತಿದಾ ಬರೆಯುತ್ತಿದ್ದಾಳೆ. ಏನನ್ನೂ ಬಿಡಬಾರದೆಂದು ಆಣೆ ಹಾಕಿಸಿದ್ದೇನೆ.

ನಾನು ಬದುಕಿದ್ದೇನೆ, ಸರಿಯಾದ ಕಟ್ಟೆಯಲ್ಲೇ ಇಳಿದಿದ್ದೇನೆ. ಹೇಗೆ ಎಂದು ಕೇಳಿ.

ಕೌರ್‌ನಲ್ಲಿ ಏನೋ ಕೆಲಸಕ್ಕೆ ಬಂದಿದ್ದ ಬಿಳಿ ಅಂಗಿಯ, ನರೆಗಡ್ಡದ ಒಬ್ಬರು ಇಬ್ಬರು ಮುದುಕರ ಜೊತೆ ಹಡಗು ಹತ್ತಿದರು. ಬಿಸಿಲಿನಲ್ಲಿ ಒಬ್ಬಳೇ ಕೂತಿದ್ದ ನನ್ನನ್ನು ನೋಡಿ ತಮಗೆ ಸಿಕ್ಕ ನೆರಳು ಬಿಟ್ಟುಕೊಟ್ಟರು. ಕೋಲಾ ಕಾಯಿ ಮುರಿದು ಅರ್ಧ ಕೊಟ್ಟು, ‘ಎಲ್ಲಿಗೆ ಹೊರಟ್ರಿ ತಂಗೀ?’ ಎಂದು ಕೇಳಿದರು. ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಬಾಯಿ ಒಡೆದುಹೋಯಿತು. ಎಲ್ಲ ಹೇಳಿಬಿಟ್ಟೆ. ಮಗಳು ಮೇಲಿನ ಸಿಬಿತೆಂಡಾದಲ್ಲಿ ಇಳಿದದ್ದು ಹೇಳಿದೆ. ಗರ್ಭಿಣಿ ಎಂದು ಹೇಳಿದೆ. ಕೆಳಗಿನ ಊರಿನ ಆ ಮುದುಕನಿಗೆ ಎರಡು ಹೆಂಡಿರು ಸಾಲದೇ ಬಂತಾ, ಅಂಗಡಿಯ ಮಾತು ಕೇಳಿ ನನ್ನ ಗಂಡ ಕುಣಿದುಬಿಟ್ಟರು, ಹುಡುಗಿಗೆ ಒಂದು ಮಾತೂ ಹೇಳಲಿಲ್ಲ ಎಂದೆ. ಆ ಮುದುಕನ ಗಡ್ಡಕ್ಕೆ ಹುಳ ಬೀಳಲಿ ಎಂದೂ ಅಂದೆ.

ಅವರು ತಮ್ಮ ಪಾಲಿನ ಕೋಲಾ ಕಾಯಿಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದರು. ‘ಹುಡುಗೀಗೆ ಹೇಳಿರ್ಲಿಲ್ವಾ?’ ಎಂದು ಒಂದೇ ಮಾತು ಕೇಳಿದರು. ‘ಇಲ್ಲ’ ಅಂದೆ. ಜೊತೆಯ ಮುದುಕರು ನದಿಯ ಕಡೆ ತಿರುಗಿ ಕೂತರು.

ಮಾರನೆಯ ದಿನ ಖಲಾಸಿ ‘ಸಿಬಿತೆಂಡಾ’ ಎಂದು ಕೂಗಿದ. ನಾನು ಗಂಟು ಎತ್ತಿಕೊಂಡು ಓಡಿದೆ. ಅವರು ಅಡ್ಡ ಬಂದು ನಿಂತರು.

‘ಇಲ್ಲಿ ಇಳೀಬೇಡಿ ತಂಗೀ. ನಿಮ್ಮ ಮಗಳಿರೋದು ಮೇಲಿನ ಊರಲ್ಲಿ. ಇದು ನಮ್ಮೂರು.’

‘ನಿಮ್ಮೂರು ಅಂದ್ರೆ?’

‘ನಾನೇ ಮಲಾಂಗ್ ಫಾತಿ.’

ನಿಕಾಹ್ ದಿನ ಮಸೀದಿಗೆ ಹೋದವರು ಗಂಡಸರು ಮಾತ್ರ, ನಾನು ಆ ಮುಖವನ್ನೇ ಕಂಡಿರಲಿಲ್ಲ. ನನ್ನ ಗಂಟು ಬಿದ್ದುಹೋಯಿತು. ನೀರಿಗೆ ಹಾರಿಬಿಡೋಣ ಅನ್ನಿಸಿತು. ಅವರೇ ಗಂಟು ಎತ್ತಿ ನನ್ನ ಚಾಪೆಯ ಮೇಲಿಟ್ಟರು. ಅಲ್ಲಿಂದ ಇಲ್ಲಿಯವರೆಗೂ ನೆರಳು ನನಗೇ ಬಿಟ್ಟಿದ್ದರು.

ಇಲ್ಲಿ ಮಸೀದಿಯ ಎದುರು ಮರದಡಿ ಎಲ್ಲರೂ ಸೇರಿದರು. ದೋಣಿ ಕಟ್ಟುವ ಹುಡುಗ ತಲೆ ತಗ್ಗಿಸಿ ನೆಲದ ಮೇಲೆ ಕೂತಿದ್ದ. ನಿಕಾಹ್ ವ್ಯಾಪಾರಿಯದೇ, ಹುಟ್ಟುವ ಮಗು ಮಾತ್ರ ಈ ಹುಡುಗನದೇ, ಹೆಣ್ಣನ್ನು ಇಟ್ಟುಕೊಳ್ಳುವುದೋ ಬಿಡುವುದೋ ವ್ಯಾಪಾರಿಗೆ ಸೇರಿದ್ದು ಎಂದು ಇಮಾಮರು ಹೇಳಿದರು. ತಿದಾ ಇಮಾಮರ ಮನೆಯ ಬಾಗಿಲ ಹಿಂದೆ ನನ್ನ ಕೈ ಹಿಡಿದಿದ್ದಳು. ಉಗುರು ನಾಟಿ ರಕ್ತ ಬಂದದ್ದು ಆಮೇಲೆ ನೋಡಿದೆ.

ಆ ಮನುಷ್ಯ ಎದ್ದು ನಿಂತರು. ಹುಡುಗನಿಗೆ, ‘ನಿನ್ನ ಮೂಳೆ ಮುರಿಯೋಕೆ ಅಂತ್ಲೇ ಮನೆಯಿಂದ ಹೊರಟಿದ್ದೆ’ ಅಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, ‘ಹುಡುಗಿ ಎಲ್ಲಾ ತಿಳಿದು ಒಪ್ಪಿದಾಳೆ ಅಂತ ಅವಳಪ್ಪ ನನ್ನ ಎರಡೂ ಕೈ ಹಿಡ್ಕೊಂಡು ಹೇಳಿದ್ರು. ನಾನು ಕೇಳಿದ್ದೆ. ಮನೇಲಿ ಇಬ್ರಿದಾರೆ, ನನ್ನ ವಯಸ್ಸು ಇಷ್ಟು, ಹುಡುಗೀಗೆ ಹೇಳಿದೀರಾ ಅಂತ ಕೇಳಿದ್ದೆ. ಹೇಳಿದೀನಿ ಅಂದ್ರು. ಒಪ್ಪದ ಹೆಣ್ಣು ನನಗೆ ಬೇಡ’ ಎಂದು ಅಲ್ಲೇ ತಲಾಕ್ ಹೇಳಿದರು.

ಊರಿನವರ ಊಟ ಅವರಿಗೆ ಇಳಿಯಲಿಲ್ಲ. ಕೆಳಕ್ಕೆ ಹೋಗುವ ಹಡಗಿಗೆ ಕಾಯುತ್ತಾ ಕಟ್ಟೆಯ ಮೇಲೇ ಇದ್ದರು. ನಾನು ಅನ್ನ, ಕಡಲೆಕಾಯಿ ಸಾರು ತೆಗೆದುಕೊಂಡು ಹೋದೆ. ಎರಡು ತುತ್ತು ತಿಂದು, ‘ನಮ್ಮ ಕಟ್ಟೇಲಿ ನಗ್ತಾರೆ ತಂಗೀ’ ಅಂದರು. ಶಾಪ ಹಾಕಿದ ಬಾಯಲ್ಲಿ ಏನು ಹೇಳಲಿ?

ಹೆರಿಗೆಯಾಗುವವರೆಗೆ ಇವಳು ಯಾರನ್ನೂ ಮದುವೆಯಾಗುವಂತಿಲ್ಲವಂತೆ. ಅಲ್ಲಿಯವರೆಗೆ ನಾನು ಬರುವುದಿಲ್ಲ. ನಿಮ್ಮ ಅನ್ನ ದುಸು ಮಾಡಲಿ. ನೀವು ಮಗಳಿಗೆ ಹೇಳಲಿಲ್ಲವೆಂದು ಮಾತ್ರ ತಿಳಿದಿದ್ದೆ. ಹೇಳಿದ್ದೇನೆ ಎಂದು ಅವರ ಕೈ ಹಿಡಿದು ನುಡಿದಿರೆಂದು ನೂರು ಜನರ ಮುಂದೆ ಕೇಳಿ ತಿಳಿಯಬೇಕಾಯಿತು.

ಜಂಕೆ


ಸಿಬಿತೆಂಡಾ (ಮೇಲಿನದು)
10 ನವೆಂಬರ್ 1968

ಅಪ್ಪನಿಗೆ,

ಮಳೆಗಾಲ ಪೂರ್ತಿ ಹೋಯಿತು, ನಿಮ್ಮ ಕಾಗದವಿಲ್ಲ. ದುಸು ಅತ್ತೆ ಕಳಿಸುವ ಸುದ್ದಿಯಿಂದ ನೀವು ಆರೋಗ್ಯವಾಗಿದ್ದೀರಿ ಎಂದು ತಿಳಿಯುತ್ತದೆ. ಅಂಗಳದಲ್ಲಿ ಯಾರ ಜೊತೆಗೂ ಕೂರುವುದಿಲ್ಲವಂತೆ.

ಹೆಣ್ಣು ಮಗು ಹುಟ್ಟಿದೆ. ಏಳನೆಯ ದಿನ ತಲೆಕೂದಲು ತೆಗೆಸಿ ಜಂಕೆ ಎಂದು ಹೆಸರಿಟ್ಟೆವು. ದೊಡ್ಡ ಜಂಕೆ ಚಿಕ್ಕ ಜಂಕೆಯನ್ನು ನೆಲಕ್ಕೆ ಬಿಡುತ್ತಿಲ್ಲ.

ನಿಯಮದಂತೆ ಈಗ ನಾನು ಬಿಡುಗಡೆಯಾಗಿದ್ದೇನೆ. ದೋಣಿ ಕಟ್ಟುವ ಮಲಾಂಗ್ ಇಮಾಮರ ಮೂಲಕ ಕೇಳಿಸಿದ್ದಾರೆ. ಇಷ್ಟು ತಿಂಗಳು ಇಮಾಮರ ಮನೆಯ ಬೇಲಿಯ ಒಳಗೆ ಕಾಲಿಡಲಿಲ್ಲ. ಮಗುವನ್ನು ನೋಡಿದ್ದೂ ಬೇಲಿಯಾಚೆಯಿಂದಲೇ, ಅವರ ತಾಯಿ ಎತ್ತಿ ತೋರಿಸಿದಾಗ.

ಅಪ್ಪ ಇರುವಾಗ ಬೇರೆಯವರು ಹೆಣ್ಣು ಕೊಡುವಂತಿಲ್ಲ ಎಂದು ಇಮಾಮರು ಹೇಳುತ್ತಾರೆ. ನೀವೇ ಬರಬೇಕು. ಬರುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಬನ್ನಿ ಎಂದು ಅಮ್ಮ ಹೇಳಿಲ್ಲ, ಬರಬೇಡಿ ಎಂದೂ ಹೇಳಿಲ್ಲ.

ತಿದಾ


ಬಾಥರ್ಸ್ಟ್
21 ನವೆಂಬರ್ 1968

ಮೇಲಿನ ಸಿಬಿತೆಂಡಾದಲ್ಲಿ ದೋಣಿ ಕಟ್ಟುವ ಮಲಾಂಗ್ ಫಾತಿಗೆ ಕೆಮೋ ಸಾಮತೆ ಬರೆಯುವುದು.

ನೀವು ನನ್ನ ಮಗಳನ್ನು ಕೇಳಿದ್ದೀರಿ. ಉತ್ತರ ಕೊಡುವ ಮೊದಲು ನನಗೆ ಕೆಲವು ವಿಷಯ ಬೇಕು. ನಿಮ್ಮ ವಯಸ್ಸೆಷ್ಟು? ಮೊದಲು ಮದುವೆಯಾಗಿತ್ತೇ? ಎಲ್ಲಾದರೂ ಹೆಂಡತಿ ಇದ್ದಾಳೆಯೇ, ಮುಂದೆ ಇನ್ನೊಬ್ಬಳನ್ನು ತರುವ ಯೋಚನೆ ಇದೆಯೇ? ಕಾಯಿಲೆ ಏನಾದರೂ ಉಂಟೇ? ಯಾರ ಜೊತೆಯಾದರೂ ಜಗಳ, ಪೊಲೀಸು, ಕೋರ್ಟು? ಹೇಳಲು ನಾಚಿಕೆಯಾಗುವಂಥದ್ದು ಇದ್ದರೆ ಅದನ್ನೇ ಮೊದಲು ಹೇಳಿ.

ಇದನ್ನು ನನಗೆ ಬರೆಯಬೇಡಿ. ಇಮಾಮರ ಎದುರು ನಿಂತು ತಿದಾಳಿಗೆ ಹೇಳಿ. ಅವಳ ತಾಯಿಯೂ ಇರಲಿ. ಬೇಕೋ ಬೇಡವೋ ಎಂದು ಆಮೇಲೆ ಅವಳು ಬರೆಯಲಿ, ಅವಳ ಕೈಯಿಂದಲೇ. ಅಂಥ ಕಾಗದ ಬಂದರೆ ನಾನು ಹಡಗು ಹತ್ತುತ್ತೇನೆ. ದಾರಿಯಲ್ಲಿ ಕೆಳಗಿನ ಊರಿನಲ್ಲಿ ಇಳಿದು ಒಬ್ಬರನ್ನು ನೋಡುವುದಿದೆ. ಅವರು ನೋಡಲು ಒಪ್ಪಿದರೆ.

ಕೆಮೋ ಸಾಮತೆ


ಸಿಬಿತೆಂಡಾ (ಮೇಲಿನದು)
9 ಡಿಸೆಂಬರ್ 1968

ಅಪ್ಪನಿಗೆ ತಿದಾಳ ಸಲಾಮುಗಳು.

ನಿಮ್ಮ ಕಾಗದವನ್ನು ಇಮಾಮರು ಓದಿದರು. ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಸಲವೂ ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ, ‘ಇನ್ನೊಂದ್ ಸಲ ಓದಿ’ ಅಂದಳು.

ಮಲಾಂಗ್ ಅಂಗಳದ ನಡುವೆ ನಿಂತು ಹೇಳಿದರು. ವಯಸ್ಸು ಮೂವತ್ತನಾಲ್ಕು. ಹೆಂಡತಿ ಇಲ್ಲ, ಇರಲಿಲ್ಲ, ಇನ್ನೊಬ್ಬಳನ್ನು ತರುವುದಿಲ್ಲ. ಬಾಸ್ಸೆಯಲ್ಲಿ ಮರದ ವ್ಯಾಪಾರಿಯೊಬ್ಬನಿಗೆ ಹೊಡೆದು ಒಂದು ರಾತ್ರಿ ಠಾಣೆಯಲ್ಲಿದ್ದರಂತೆ. ಮುಗಿಯಿತು ಎಂದು ನಾವೆಲ್ಲ ಏಳುತ್ತಿದ್ದೆವು, ‘ಇನ್ನೊಂದಿದೆ’ ಅಂದರು.

‘ನನಗೆ ಈಜು ಬರಲ್ಲ.’

ಇಮಾಮರು ಸರಿಯಾಗಿ ಕೇಳಿಸಲಿಲ್ಲ ಎಂಬಂತೆ ಕಿವಿ ಮುಂದೆ ಮಾಡಿದರು. ಮಲಾಂಗರ ತಾಯಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಆ ತಾಯಿಗೂ ಗೊತ್ತಿರಲಿಲ್ಲ! ಊರಿನ ಅರ್ಧ ಜನ ಇವರು ಕಟ್ಟಿದ ದೋಣಿಯನ್ನೇ ನಂಬಿ ನದಿ ದಾಟುತ್ತಾರೆ ಅಪ್ಪ. ಮೊಣಕಾಲಿನ ಮೇಲೆ ನೀರು ಬಂದರೆ ಇವರಿಗೆ ಉಸಿರು ಸಿಕ್ಕುವುದಿಲ್ಲವಂತೆ. ಅಮ್ಮ ಮಗುವಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಇಲ್ಲಿಗೆ ಬಂದ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಎಲ್ಲ ಕೇಳಿದ್ದೇನೆ. ನನಗೆ ಒಪ್ಪಿಗೆಯಿದೆ. ಇದನ್ನು ಬರೆಯುತ್ತಿರುವುದು ನನ್ನ ಕೈ, ಹೇಳಿಸುತ್ತಿರುವವರು ಯಾರೂ ಇಲ್ಲ.

ಉಪವಾಸ ಮುಗಿದು ಹಬ್ಬವಾದ ಮೇಲೆ ಹಡಗು ಹತ್ತಿ. ನೀವು ಬರುವ ಹೊತ್ತಿಗೆ ಇವರಿಗೆ ನೀರಿನಲ್ಲಿ ತೇಲುವುದನ್ನಾದರೂ ಕಲಿಸಿಬಿಡುತ್ತೇನೆ ಎಂದು ಅಮ್ಮ ಈಗಾಗಲೇ ಸೆರಗು ಕಟ್ಟಿದ್ದಾಳೆ.

ನಿಮ್ಮ ಮಗಳು,
ತಿದಾ